ದೂರು ಕೊಟ್ಟವನ ಮಗಳ ಮದುವೆ

ಶುಕ್ರವಾರ ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಿಗೆ ಬಂದ ಲೋವೆಲ್ ಟಿಬೆಟ್ಸ್‌ಗೆ ಬೇಲಿಯಾಚೆ ಸಗಣಿ ನೀರಿನ ಟ್ಯಾಂಕರ್ ಕಂಡಿತು. ಅದನ್ನು ಹೊಲಕ್ಕೆ ಗೊಬ್ಬರವಾಗಿ ಎರೆದರೆ ಮೂಗು ಬಿಡಲಾಗದಷ್ಟು ನಾತ. ಮಾರನೆಯ ದಿನ ಹನ್ನೊಂದಕ್ಕೆ ಅದೇ ಹಿತ್ತಲಿನ ಶಾಮಿಯಾನದಲ್ಲಿ ಮಗಳು ಕೊರಿನ್‌ಳ ಮದುವೆ. ಎಂಬತ್ತು ಜನ ಬರುವವರಿದ್ದರು.

ಬೇಲಿಯಾಚೆಯ ಹೊಲ ವಿಲ್ಮಾ ಹೂಕ್‌ಸ್ಟ್ರಾ ಎಂಬ ಹೆಂಗಸಿನದು. ಇನ್ನೂರು ಹಸುಗಳ ಒಡತಿ. ಶೂ ಅಂಗಡಿಯ ಕೆಲಸದಿಂದ ನಿವೃತ್ತನಾಗಿ ಲೋವೆಲ್ ವಿಸ್ಕಾನ್ಸಿನ್‌ನ ಈ ಹಳ್ಳಿಗೆ ಬಂದು ಎರಡು ವರ್ಷವಾಗಿತ್ತು. ದಾರಿಯಲ್ಲಿ ಎದುರಾದರೆ ಆಕೆ ಸ್ಟೀರಿಂಗ್ ಮೇಲಿಂದ ಎರಡು ಬೆರಳೆತ್ತುವಳು, ಇವನೂ ಎತ್ತುವನು. ಪರಿಚಯ ಅಷ್ಟೇ. ಬಾಗಿಲು ತಟ್ಟಿ, ನಾಳೆ ಒಂದು ದಿನ ಬೇಡ ಎಂದು ಕೇಳಲು ಅವನಿಗೆ ಭಾರೀ ಸಂಕೋಚ. ನೆರೆಯವರ ಬಾಗಿಲಿಗೆ ಹೋಗಿ ತೊಂದರೆ ಕೊಡುವುದಕ್ಕಿಂತ ಕಚೇರಿಗೆ ಹೋಗಿ ದೂರು ಕೊಡುವುದೇ ಅಲ್ಲಿ ದೊಡ್ಡ ಮರ್ಯಾದೆ.

ಪಕ್ಕದ ಮನೆಯ ಡೆಲ್ಬರ್ಟ್ ಹೇಳಿದ್ದೂ ಅದನ್ನೇ. ವಿಮೆ ಮಾರಿ ನಿವೃತ್ತನಾದ ಈತ ಲೋಕದ ಕಾನೂನೆಲ್ಲ ತನ್ನ ಜೇಬಿನಲ್ಲಿದೆಯೆಂದು ನಂಬಿದವನು.

"ಕೇಳೋಕ್ಕೆ ಹೋಗ್ಬೇಡ ಕಣಯ್ಯ. ಕೇಳಿದ್ರೆ ನಿನ್ನ ಕೈ ಕೆಳಗಾಗುತ್ತೆ. ಬರೆದು ಕೊಡು."

ಇಬ್ಬರೂ ಜಿಲ್ಲಾಡಳಿತದ ಕೌಂಟಿ ಕಚೇರಿಗೆ ಹೋದರು. ಅಲ್ಲಿದ್ದ ಗುಮಾಸ್ತೆ ಇವರ ಮಾತು ಮುಗಿಯುವ ಮೊದಲೇ ಕಪಾಟಿನಿಂದ ಒಂದು ಕಾಗದ ತೆಗೆದಳು. ಪಕ್ಕದಲ್ಲಿ ಬೇಸಾಯವಿದೆ, ವಾಸನೆ, ದೂಳು, ಸದ್ದು, ನೊಣ ಎಲ್ಲ ಇರುತ್ತವೆ, ತಿಳಿದೇ ಮನೆ ಕೊಂಡಿದ್ದೇನೆ ಎಂದು ಅದರಲ್ಲಿತ್ತು.

"ಈ ರುಜು ನಿಮ್ಮದೇ ತಾನೆ?"

ಅವನದೇ. ಮನೆ ಕೊಂಡ ಸಂಭ್ರಮದಲ್ಲಿ ನಲವತ್ತು ಕಾಗದಗಳ ನಡುವೆ ಬಾಲ ಎಳೆದು ಹಾಕಿದ ಚಂದದ ರುಜು. ಲೋವೆಲ್ ಹೊರಡಲು ತಿರುಗಿದ. ಡೆಲ್ಬರ್ಟ್ ಮಾತ್ರ ಜಗ್ಗಲಿಲ್ಲ. ವಾಸನೆಯ ಮೇಲೆ ದೂರು ನಿಲ್ಲದಿದ್ದರೆ ಬೇಡ, ಗೊಬ್ಬರ ಎರೆಯುವ ಕ್ರಮ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಬಹುದಲ್ಲ ಎಂದ. ಲೋವೆಲ್ ಅದನ್ನೇ ಬರೆದು, 'ತುರ್ತು' ಎಂಬ ಚೌಕಕ್ಕೆ ಗುರುತು ಹಾಕಿ ಬಂದ.

ಮಧ್ಯಾಹ್ನದಿಂದ ಟ್ಯಾಂಕರ್ ಅಲ್ಲಾಡಲಿಲ್ಲ. ಡೆಲ್ಬರ್ಟ್ ಗೆದ್ದವನ ಗತ್ತಿನಲ್ಲಿ ಲೋವೆಲ್‌ನ ಎರಡು ಬಿಯರ್ ಕುಡಿದು ಮನೆಗೆ ಹೋದ. ಪಾಪ, ವಿಲ್ಮಾ ಮದುವೆಯ ತಯಾರಿ ನೋಡಿ ಸುಮ್ಮನಾಗಿರಬೇಕು ಎಂದುಕೊಂಡ ಲೋವೆಲ್‌ನ ಹೆಂಡತಿ, ಸೇಬಿನ ಪೈ ಎಂಬ ಸಿಹಿತಿಂಡಿ ಕೊಟ್ಟು ಗಂಡನನ್ನು ಸಂಜೆ ಅಲ್ಲಿಗೆ ಅಟ್ಟಿದಳು.

ವಿಲ್ಮಾ ಪೈ ತೆಗೆದುಕೊಂಡು ನಿಟ್ಟುಸಿರಿಟ್ಟಳು.

"ನಿಮ್ಮನೆ ಮದುವೆ ಅಂತ ಗೊತ್ತಿತ್ತು. ಅದಕ್ಕೇ ಇವತ್ತೇ ಎರೆದು, ಸಂಜೆಯೊಳಗೆ ಉತ್ತು ಮಣ್ಣು ಮುಚ್ಚಿಸೋಣ ಅಂತಿದ್ದೆ. ಯಾರೋ ತುರ್ತು ದೂರು ಕೊಟ್ಟಿದಾರಂತೆ. ನಾಳೆ ಹನ್ನೊಂದಕ್ಕೆ ಅಧಿಕಾರಿ ಬರ್ತಾರೆ, ಅವರೆದುರಿಗೇ ಎರೀಬೇಕಂತೆ."

ಆ ಯಾರೋ ತಾನೇ ಎಂದು ಲೋವೆಲ್ ಒಪ್ಪಿಕೊಂಡ. ಕಚೇರಿಗೆ ಫೋನ್ ಮಾಡಿದರೆ ಬಾಗಿಲು ಹಾಕಿಯಾಗಿತ್ತು. ವಿಲ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಂದು ಕೇಳಿದ್ರೆ ನಾನೇನು ಕಚ್ತಿದ್ನಾ? ಹೋಗ್ಲಿ ಬಿಡಿ. ಗಾಳಿ ನಿಮ್ಮ ಕಡೆ ಬೀಸುತ್ತೆ. ಹೊಲದಾಚೆ ಇರೋ ನನ್ನ ಹುಲ್ಲಿನ ಕೊಟ್ಟಿಗೆಗೆ ಒಂಚೂರೂ ವಾಸನೆ ಬರಲ್ಲ. ಮದುವೆ ಅಲ್ಲೇ ಮಾಡಿ."

ಎರಡು ವರ್ಷ ಬೆರಳೆತ್ತಿದವರು ಅಂದು ಕತ್ತಲಾಗುವವರೆಗೆ ಜೊತೆಗೂಡಿ ಕೊಟ್ಟಿಗೆ ಗುಡಿಸಿದರು. ಕೊರಿನ್‌ಗಂತೂ ಶಾಮಿಯಾನಕ್ಕಿಂತ ಇದೇ ಇಷ್ಟವಾಯಿತು. ಲೋವೆಲ್‌ಗೆ ಬಹಳ ದಿನದ ಮೇಲೆ ಮನಸ್ಸು ಹಗುರಾಯಿತು.

ಶನಿವಾರ ಎಲ್ಲರೂ ಕೊಟ್ಟಿಗೆ ಸೇರಿದರು, ಲೋವೆಲ್ ಒಬ್ಬನನ್ನು ಬಿಟ್ಟು. ದೂರು ಕೊಟ್ಟವನು ದೂರಿನ ಜಾಗದಲ್ಲಿ ಖುದ್ದು ಹಾಜರಿರಬೇಕಂತೆ. ಹೊಸ ಸೂಟು ತೊಟ್ಟು ಖಾಲಿ ಶಾಮಿಯಾನದಲ್ಲಿ ನಿಂತ ಅವನೆದುರು ಟ್ಯಾಂಕರ್ ಹೊಲದುದ್ದಕ್ಕೂ ಎರೆಯಿತು. ಅಧಿಕಾರಿ ಅಳೆದರು, ಬರೆದರು, ಮತ್ತೆ ಅಳೆದರು.

"ಎಲ್ಲ ಕ್ರಮವಾಗಿದೆ. ನಿಮಗೇನಾದ್ರೂ ತಕರಾರಿದೆಯಾ?"

"ಇಲ್ಲ ಸಾರ್, ಏನೂ ಇಲ್ಲ. ನನ್ನ ಮಗಳು ಕಾಯ್ತಿದಾಳೆ."

ಕಾರು ಹೆಂಡತಿಯ ಜೊತೆ ಹೋಗಿತ್ತು. ರಸ್ತೆ ಹಿಡಿದರೆ ಎರಡು ಮೈಲಿ, ಹೊಲ ಹಾಯ್ದರೆ ಕೂಗಳತೆ. ಲೋವೆಲ್ ಹಿಂದೆಮುಂದೆ ನೋಡದೆ ಬೇಲಿ ಹಾರಿದ. ನಡುಹೊಲದಲ್ಲಿ ಎರಡು ಸಲ ಜಾರಿಬಿದ್ದ.

ಕೊಟ್ಟಿಗೆಯಲ್ಲಿ ಒಣಹುಲ್ಲಿನ ಘಮವಷ್ಟೇ ಇತ್ತು, ಮದುಮಗಳ ಅಪ್ಪ ಒಳಗೆ ಕಾಲಿಡುವವರೆಗೆ. ಮುಂದಿನ ಸಾಲಿನಲ್ಲಿದ್ದ ಡೆಲ್ಬರ್ಟ್ ಮೂಗಿಗೆ ಕರವಸ್ತ್ರ ಹಿಡಿದು ಎದ್ದು ಹಿಂದಿನ ಸಾಲಿಗೆ ಹೋದ. ಮಗಳನ್ನು ತೋಳು ಹಿಡಿಸಿ ಮದುಮಗನವರೆಗೆ ನಡೆಸಿಕೊಂಡು ಹೋಗಬೇಕಿದ್ದ ಲೋವೆಲ್ ಬಾಗಿಲಲ್ಲೇ ನಿಂತು, ನೀನೊಬ್ಬಳೇ ನಡೆ ಎಂದು ಮಗಳಿಗೆ ಕೈಸನ್ನೆ ಮಾಡಿದ.

ಕೊರಿನ್ ಬಂದು, ಬಿಳಿ ಕೈಗವಸನ್ನು ತೆಗೆದಿಟ್ಟು, ಅವನ ಒದ್ದೆ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಡಿಯಪ್ಪ," ಎಂದಳು. "ಉಸಿರು ಬಿಗಿಹಿಡ್ಕೊಂಡಿದೀನಿ, ಬೇಗ."