ನಾಲ್ಕು ಹೋಳಿಗೆಯ ಸೇಡು

ಸೇಡು, ಹಗೆ, ವೈರ, ಜಿದ್ದು, ಪ್ರತೀಕಾರ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿ ಈ ಪದಗಳನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು, ಒಂದೊಂದಕ್ಕೂ ವಾಕ್ಯ ಮಾಡಿಸುತ್ತಿದ್ದೆ. ಸ್ವಂತ ಉಪಯೋಗಕ್ಕೆ ಮಾತ್ರ ಒಂದನ್ನೂ ತೆಗೆದುಕೊಂಡಿರಲಿಲ್ಲ. ಆ ಕೊರತೆಯನ್ನು ನೀಗಿಸಿದವರು ಸಿರುಗುಪ್ಪದ ನಮ್ಮ ಮಾವನವರು.

ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ಅವರ ಮನೆಗೆ ಹೋಗಿದ್ದೆ. ನಮ್ಮ ಕಡೆ ಅಳಿಯ ಸಾಕು ಎಂದರೆ ಅದನ್ನು ನಾಚಿಕೆ ಎಂದು ತಿಳಿಯುತ್ತಾರೆ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುತ್ತಾರೆ. ಮಾವನವರು ಪಕ್ಕದಲ್ಲೇ ಕೂತು, “ಇನ್ನೊಂದ್ ಬರ್ಲಿ” ಅನ್ನುತ್ತಲೇ ಇದ್ದರು. ನಾಲ್ಕನೆಯ ಹೋಳಿಗೆ ಮುಗಿಸಿ ಏಳಲು ಹೋದೆ. ಏಳಲಾಗಲಿಲ್ಲ. ಇಬ್ಬರು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಎದ್ದದ್ದು ನಾನು ಮಾತ್ರ. ಧೋತ್ರ ಅಲ್ಲೇ ಉಳಿಯಿತು!

ಅಂದಿನಿಂದ ಆ ಊರಲ್ಲಿ ನನ್ನ ಹೆಸರು “ನಾಕ್ ಹೋಳಿಗಿ ಅಳಿಯ.” ಬಸ್ಸಿನ ಕಂಡಕ್ಟರನೂ ಹಾಗೇ ಕರೆದು ಸೀಟು ತೋರಿಸುತ್ತಿದ್ದ. ಇನ್ನೆರಡು ತಿಂಗಳಿಗೆ ನಾದಿನಿಯ ಮದುವೆ. ಗಂಡಿನ ಕಡೆಯವರ ಕಿವಿಗೂ ಈ ಹೆಸರು ಬಿದ್ದರೆ ನನ್ನ ಗತಿ ಏನು? ಅಷ್ಟರೊಳಗೆ ಮಾವನವರನ್ನು ನನ್ನ ಮನೆಯಲ್ಲಿ ಕೂರಿಸಿ, ಏಳಲಾಗದಂತೆ ಉಣಿಸಿ, ಹೆಸರನ್ನು ಮೂಲ ವಾರಸುದಾರರಿಗೇ ಒಪ್ಪಿಸಬೇಕೆಂದು ತೀರ್ಮಾನಿಸಿದೆ.

ಮದುವೆಯ ಜವಳಿ ತೆಗೆಯಲು ಮುಂದಿನ ಭಾನುವಾರ ಬಳ್ಳಾರಿಗೆ ಬರುವುದಾಗಿ ಅವರ ಕಾರ್ಡು ಬಂತು. ಹೆಂಡತಿ ನೀಲಮ್ಮನಿಗೆ, ನಿಮ್ಮಪ್ಪನಿಗೆ ಹೋಳಿಗೆ ಊಟ ಹಾಕಿಸೋಣ, ಮೂವತ್ತಕ್ಕೆ ಕಡಿಮೆ ಬೇಡ ಎಂದೆ. ತವರಿನ ಮೇಲೆ ನನಗೆ ಇಷ್ಟು ಪ್ರೀತಿಯಿದೆ ಎಂದು ತಿಳಿದು ಅವಳ ಕಣ್ಣು ತುಂಬಿ ಬಂತು. ನಾನೂ ತಿದ್ದಲಿಲ್ಲ. ಆಮೇಲೆ ಅವಳು ಒಂದು ಮಾತು ಹೇಳಿದಳು.

“ನೀವೂ ಜೋಡಿ ಕೂಡಬೇಕ್ರಿ ಮತ್ತ. ಅಪ್ಪ ಏಳೋತನಕ ನೀವು ಏಳಂಗಿಲ್ಲ.”

ಇದನ್ನು ನಾನು ಯೋಚಿಸಿರಲಿಲ್ಲ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು, ಕುರುಗೋಡಿನವರು, ದೇಹದ ವಿಚಾರ ಬಲ್ಲವರು. ಅವರನ್ನು ಕೇಳಿದೆ. “ಹೊಟ್ಟಿ ಅಂದ್ರ ರಬ್ಬರ್ ಇದ್ದಂಗ ಸರ್. ದಿನಾ ಒಂಚೂರು ಹಿಗ್ಗಿಸ್ರಿ” ಎಂದರು.

ಅಂದಿನಿಂದಲೇ ತಾಲೀಮು ಶುರುವಾಯಿತು. ಸೋಮವಾರ ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ. ಮಂಗಳವಾರ ಎರಡು ಪ್ಲೇಟು, ಎಂಟು ಮಿರ್ಚಿ. ಗುರುವಾರ ನಾನು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಮಿರ್ಚಿ ಅಂಗಡಿಯವನು ಬಾಣಲೆಗೆ ಇನ್ನಷ್ಟು ಎಣ್ಣೆ ಸುರಿದ. ಶುಕ್ರವಾರ ನಾನು ಪೈಲ್ವಾನನಂತೆ ನಡೆದು ಮನೆಗೆ ಬಂದೆ. ಶನಿವಾರ ನಡೆಯಲೇ ಇಲ್ಲ. ಹಿತ್ತಲಿಗೆ ಮಾತ್ರ ಓಡಿದೆ. ಇಡೀ ದಿನ ಓಮದ ನೀರೇ ಗತಿಯಾಯಿತು.

ಭಾನುವಾರ ಮಾವನವರು ಬಂದರು. ಅರವತ್ತು ದಾಟಿದ ಒಣಕಲು ದೇಹ. ಬಾಯಲ್ಲಿ ಲೆಕ್ಕಕ್ಕೆ ಮೂರು ಹಲ್ಲು. ಇವರನ್ನು ಕೆಡವಲು ಎಷ್ಟು ಹೊತ್ತು ಎಂದು ನನಗೆ ಒಳಗೊಳಗೇ ಕನಿಕರವಾಯಿತು.

ಇಬ್ಬರೂ ಪಕ್ಕಪಕ್ಕ ಕೂತೆವು. “ನೀಲಾ, ಮಾವನವರಿಗೆ ಇನ್ನೊಂದ್ ಬರ್ಲಿ” ಎಂದು ನಾನು ಯುದ್ಧ ಘೋಷಿಸಿದೆ. ಅವರು ಬೇಡ ಎನ್ನಲಿಲ್ಲ. “ಅಳಿಯಂದ್ರಿಗೂ ಬರ್ಲಿ, ನಾನೊಬ್ನ ಉಂಡ್ರ ಚೆಂದ ಕಾಣಂಗಿಲ್ಲ” ಎಂದರು. ನಾನು ಹಾರಿಸಿದ ಪ್ರತಿ ಬಾಣವೂ ಹೀಗೆ ತುಪ್ಪ ಸವರಿಕೊಂಡು ನನ್ನ ತಾಟಿಗೇ ಬಂದು ಬೀಳುತ್ತಿತ್ತು. ಅವರು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದುದರಿಂದ ಹಲ್ಲಿನ ಅಗತ್ಯವೇ ಇರಲಿಲ್ಲ. ಅವರು ಒಂಬತ್ತಕ್ಕೆ ಬಂದಾಗ ನಾನು ಕಷ್ಟಪಟ್ಟು ಮೂರು ಮುಗಿಸಿದ್ದೆ. ನಾಲ್ಕನೆಯದನ್ನು ನೋಡಿದೆ. ಅದು ನನ್ನನ್ನು ನೋಡಿತು. ಅತಿಥಿಯನ್ನು ತಾಟಿನ ಮುಂದೆಯೇ ಬಿಟ್ಟು ಹಿತ್ತಲಿಗೆ ಓಡಿದೆ.

ಬಹಳ ಹೊತ್ತಿನ ಮೇಲೆ ವಾಪಸು ಬಂದಾಗ ಅವರು ಹನ್ನೆರಡು ಮುಗಿಸಿ, ಯಾರ ಸಹಾಯವೂ ಇಲ್ಲದೆ ಎದ್ದು, ಕೈ ತೊಳೆದು ಅಡಿಕೆ ಕತ್ತರಿಸುತ್ತಿದ್ದರು. ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕಿದರು.

“ಅಳಿಯಂದ್ರ, ನಮ್ಮವ್ವ ಸತ್ತ ಮ್ಯಾಲ ನನಗ ಹಿಂಗ ಒತ್ತಾಯ ಮಾಡಿ ಉಣಿಸಿದವ್ರು ನೀವೊಬ್ರ ನೋಡ್ರಿ.”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಯಾಕೋ ತುಂಬ ಸಂತೋಷವಾಯಿತು. ಕಣ್ಣು ಮುಚ್ಚಿ ಆ ಗಾಳಿಯಲ್ಲಿ ನಿದ್ದೆ ಹೋದೆ. ಬೋರ್ಡಿನ ಮೇಲಿನ ಐದೂ ಪದಗಳನ್ನು ಅವತ್ತೇ ಒರೆಸಿ ಹಾಕಿದೆ ಎಂದುಕೊಂಡಿದ್ದೆ.

ಆದರೆ ಮಾವನವರು ಅಭಿಮಾನದಿಂದ ಸಿರುಗುಪ್ಪಕ್ಕೆಲ್ಲ ಈ ಸುದ್ದಿ ಹೇಳಿದ್ದರು. ನನ್ನ ಉಪಚಾರವನ್ನು ಹೊಗಳಿ, ಪಾಪ ಅಳಿಯ ಮಾತ್ರ ಮೂರಕ್ಕೇ ಎದ್ದ ಎಂದು ಮರುಗಿದ್ದರಂತೆ. ನಾದಿನಿಯ ಮದುವೆಯ ಚಪ್ಪರದೊಳಗೆ ಕಾಲಿಟ್ಟ ಕೂಡಲೇ ಯಾರೋ, “ಮೂರ್ ಹೋಳಿಗಿ ಅಳಿಯಂದ್ರು ಬಂದ್ರು, ಹಾದಿ ಬಿಡ್ರಿ” ಎಂದರು.

ನನಗೆ ತಡೆಯಲಾಗಲಿಲ್ಲ. ಗಂಡಿನ ಕಡೆಯವರು ಊಟಕ್ಕೆ ಕೂತಿದ್ದ ಪಂಕ್ತಿಯ ನಡುವೆ ನಿಂತು, “ಮೂರಲ್ರಿ, ನಾಕು!” ಎಂದು ಕೂಗಿದೆ. ಬೇಕಾದರೆ ಮಾವನವರನ್ನೇ ಕೇಳಿ ಎಂದೂ ಸೇರಿಸಿದೆ.

ಮಾವನವರು ನನ್ನ ಕೈ ಬಿಡಲಿಲ್ಲ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಸಾಕ್ಷಿ ಹೇಳಿದರು: “ಖರೇ ಐತಿ, ನಾಕು ತಿಂದಿದ್ರು. ಧೋತ್ರ ಕಳಚಿ ಬಿತ್ತಲ್ಲ, ಅವತ್ತು.”