ಗೋಣಪ್ಪನ ಪೆಪ್ಪರಮಿಂಟು

ಬೀಗದ ಕಾರ್ಖಾನೆಯಲ್ಲಿ ಬೀಗ ಪರೀಕ್ಷಿಸುವವನಿಗೆ ಎಲ್ಲರೂ ಇಟ್ಟ ಹೆಸರು ಗೋಣಪ್ಪ. ಯಾರು ಏನು ಕೇಳಿದರೂ ಗೋಣು ಆಡಿಸಿ "ಆಯ್ತು" ಅನ್ನುತ್ತಿದ್ದ. ಅಂದಾಗಲೆಲ್ಲ ಯಾರಾದರೂ ಬೆನ್ನು ತಟ್ಟುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಬೆನ್ನು ಸವೆದಿತ್ತೇ ಹೊರತು ಚಟ ಸವೆದಿರಲಿಲ್ಲ. ಹೀಗೇ ಮೂರು ಭಾನುವಾರ ಕೆಲಸಕ್ಕೆ ಬಂದು ಮಗಳ ಮೂರು ನಾಟಕ ತಪ್ಪಿಸಿಕೊಂಡಿದ್ದ.

ಈ ಶುಕ್ರವಾರ ಬೆಳಿಗ್ಗೆ ಅವಳು ಹೇಳಿಯೇಬಿಟ್ಟಳು: "ಅಪ್ಪಾ, ನಾಡಿದ್ದೂ ನೀನು ಬರದಿದ್ರೆ, ನಾಟಕದ ಅಪ್ಪನನ್ನೇ ಖಾಯಂ ಮಾಡ್ಕೋತೀನಿ!"

ಗೋಳು ಕೇಳಿದ ಪ್ಯಾಕಿಂಗ್ ಅಕ್ಕ ಅವನ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿದಳು. "'ಆಯ್ತು' ಅಂದ್ರೆ ಏಟು, 'ಆಗಲ್ಲ' ಅಂದ್ರೆ ಪೆಪ್ಪರಮಿಂಟು. ನಮ್ಮನೆ ನಾಯಿಗೂ ಹೀಗೇ ಕಲಿಸಿದ್ದು."

"ಎಷ್ಟು ದಿನಕ್ಕೆ ಕಲೀತು, ಅಕ್ಕಾ?"

"ಎರಡೇ ದಿನ. ಆದ್ರೆ ಅದು ಸ್ವಲ್ಪ ಚುರುಕು, ಬಿಡು. ಶುರು ಮಾಡೋಣ್ವಾ?"

"ಆಯ್ತು."

ಚಟ್! ಗೋಣಪ್ಪ ಬೀಗದ ಸ್ಪ್ರಿಂಗಿನಂತೆ ಎಗರಿದ.

ಇಡೀ ವಿಭಾಗಕ್ಕೆ ಅದೇ ಆಟವಾಯಿತು. "ಗೋಣಣ್ಣ, ಈ ಪೆಟ್ಟಿಗೆ ಎತ್ತಿಡ್ತೀಯಾ?" ಚಟ್! "ಸ್ಟೂಲ್ ಬಿಟ್ಟುಕೊಡ್ತೀಯಾ?" ಚಟ್! ಮಣಿಕಟ್ಟು ಟೊಮೆಟೊ ಆಯಿತು. ಹನ್ನೆರಡರ ಹೊತ್ತಿಗೆ, ತುಕ್ಕು ಹಿಡಿದ ಬೀಗದಲ್ಲಿ ಕೀಲಿ ತಿರುಗಿದಂತೆ, ಮೊದಲ "ಆ... ಆಗಲ್ಲ" ಹೊರಬಂತು. ಪೆಪ್ಪರಮಿಂಟು ಬಾಯಿಗೆ ಬಿತ್ತು. ಅಬ್ಬಾ, ಒಲ್ಲೆ ಎನ್ನುವುದು ಇಷ್ಟು ಸಿಹಿಯೇ!

ಮೂರಕ್ಕೆ ಕ್ಯಾಂಟೀನಿನವನು "ಟೀ ಕುಡೀತೀರಾ?" ಅಂದರೂ "ಆಗಲ್ಲ!" ಎಂದು ಅಂಗೈ ಚಾಚಿದ.

ನಾಲ್ಕಕ್ಕೆ ಮ್ಯಾನೇಜರ್ ಕರೆಸಿದರು. ಬಾಗಿಲ ಮುಂದೆ ಗೋಣಪ್ಪ ಒಂದು ಗಳಿಗೆ ನಿಂತ. ಇಷ್ಟು ವರ್ಷ ತನ್ನನ್ನು ಒಳ್ಳೆಯವನೆಂದುಕೊಂಡಿದ್ದ. ಅದು ಒಳ್ಳೆಯತನವೋ, ಬೆನ್ನು ತಟ್ಟಿಸಿಕೊಳ್ಳುವ ಆಸೆಯೋ? ಉತ್ತರ ಹೊಳೆಯುವ ಮುನ್ನವೇ ಒಳಗಿನಿಂದ ಕರೆ ಬಂತು.

"ಮೂರು ಭಾನುವಾರ ದುಡಿದಿದ್ದೀರಿ. ಮಗಳ ನಾಟಕ ಇದೆಯಂತಲ್ಲ. ನಾಡಿದ್ದು ರಜೆ ತಗೊಳ್ಳೋಕೆ ಆಗುತ್ತಾ..."

"ಆಗಲ್ಲ ಸಾರ್!"

ಅಂಗೈ ತಾನಾಗಿಯೇ ಮುಂದೆ ಹೋಯಿತು. ಮ್ಯಾನೇಜರ್ ಅದನ್ನು ಹಿಡಿದು ಕುಲುಕಿದರು.

"ಭಲೇ! ಕೆಲಸದ ಮೇಲೆ ಎಷ್ಟು ಪ್ರೀತಿ ರೀ ನಿಮಗೆ! ಹಾಗಾದ್ರೆ ಅದರ ಮುಂದಿನ ಭಾನುವಾರಾನೂ ನೀವೇ ಬನ್ನಿ," ಎಂದು ಎದ್ದು ಬಂದು ಬೆನ್ನು ತಟ್ಟಿದರು.

ಅರ್ಧ ದಿನ ಪಳಗಿದ ನಾಲಿಗೆ ಇಪ್ಪತ್ತು ವರ್ಷ ಪಳಗಿದ ಬೆನ್ನಿಗೆ ಸೋತಿತು.

"ಆಯ್ತು ಸಾರ್."

ಹೊರಗೆ ಅಕ್ಕ ಪೆಪ್ಪರಮಿಂಟು ಹಿಡಿದು ಕಾಯುತ್ತಿದ್ದಳು. "ಏನಂದೆ ಗೋಣಣ್ಣ? ಆಗಲ್ಲ ಅಂದ್ಯಾ?"

ಗೋಣಪ್ಪ ರಬ್ಬರ್ ಬ್ಯಾಂಡನ್ನು ತಾನೇ ಎಳೆದು ಬಿಟ್ಟುಕೊಂಡ. ನಾಡಿದ್ದಿಗೆ ಒಂದು, ಅದರ ಮುಂದಿನ ಭಾನುವಾರಕ್ಕೆ ಇನ್ನೊಂದು.