ಆರುನೂರ ನಲವತ್ತು ವ್ಯಾಟುಗಳ ಸೋರಿಕೆ

"ಇಡೀ ಬಡಾವಣೆಗೆ ನೀರು ಬಿಡೋನು ನಾನು! ಒಂದು ಡಬ್ಬಿಗೆ ಕರೆಂಟು ಬಿಡೋದು ಯಾವ ಮಹಾ ವಿದ್ಯೆ? ಮೈಕಿನವನಿಗೆ ಜ್ವರ ಬಂದ್ರೆ ಬರಲಿ, ನನ್ನ ಕಾರಿಗೆ ಬಂದಿಲ್ವಲ್ಲ!"

ನೀರುಗಂಟಿ ಹೀಗೆ ಎದೆ ತಟ್ಟಿಕೊಳ್ಳುವಾಗ ಹೆಂಡತಿ ಪುಟ್ಟ ಪುಟ್ಟ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ವರ್ಷವಿಡೀ ಬೀದಿಯ ಹುಡುಗಿಯರಿಗೆ ಅವಳು ಕಲಿಸಿದ ಕುಣಿತ ಆ ಸಂಜೆ ಶಾಲೆಯ ಮೈದಾನದಲ್ಲಿ ಮೊದಲ ಬಾರಿಗೆ ಜನರೆದುರು ಬರುವುದಿತ್ತು. ಹಾಡೇ ಕೇಳದಿದ್ದರೆ ಹೆಜ್ಜೆ ಎಲ್ಲಿಂದ ಬರಬೇಕು?

"ಹಿಂದಿನ ಸಾಲಿಗೂ ಕೇಳಿಸುತ್ತೇನ್ರೀ?"

"ಹಿಂದಿನ ಊರಿಗೂ ಕೇಳಿಸುತ್ತೆ ಕಣೇ! ಸಾವಿರ ವ್ಯಾಟು!"

ಕಾರಿನ ಡಿಕ್ಕಿಯಲ್ಲಿ ಕೂರಿಸಿದ್ದ ಹೊಸ ಆಂಪ್ಲಿಫೈಯರಿನ ಮೇಲೆ ಆ ಅಂಕಿ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಭಾವಮೈದುನ ಬಾನೆಟ್ ಎತ್ತಿ, ಬ್ಯಾಟರಿಯ ಪಕ್ಕದ ತಂತಿಯಲ್ಲಿದ್ದ ಫ್ಯೂಸನ್ನು ನೋಡಿ ನಕ್ಕ.

"ಭಾವ, ಡಬ್ಬಿ ಜೊತೆ ಕೊಟ್ಟಿರೋ ಫ್ಯೂಸು ಮೂವತ್ತು ಆಂಪಿಯರಿಂದು. ಬ್ಯಾಟರಿ ಹನ್ನೆರಡು ವೋಲ್ಟು. ಗುಣಿಸಿ, ಮುನ್ನೂರ ಅರವತ್ತು. ಒಳಗೆ ಹೋಗೋದೇ ಅಷ್ಟು, ಹೊರಗೆ ಸಾವಿರ ಬರುತ್ತಾ? ಡಬ್ಬಿ ಮೇಲಿರೋದು ಮಾಡಿದವರ ಆಸೆ. ಫ್ಯೂಸ್ ಮೇಲಿರೋದು ಅದರ ಯೋಗ್ಯತೆ."

"ಹಾಗಾದ್ರೆ ಉಳಿದ ಆರುನೂರ ನಲವತ್ತು?"

"ಇರಲೇ ಇಲ್ಲ."

ಇರಲೇ ಇಲ್ಲವೇ! ನೀರುಗಂಟಿಯ ತಲೆ ಗಿರ್ರೆಂದಿತು. ಟ್ಯಾಂಕಿನಿಂದ ಸಾವಿರ ಬಿಟ್ಟು ನಲ್ಲಿಗೆ ಮುನ್ನೂರ ಅರವತ್ತು ಬಂದರೆ ಅವನ ಕಸುಬಿನಲ್ಲಿ ಅದಕ್ಕೆ ಒಂದೇ ಹೆಸರು: ಸೋರಿಕೆ. ಕಾರಿನಡಿ ಅಂಗಾತ ಮಲಗಿದ. ಡಿಕ್ಕಿಯ ತಂತಿಯನ್ನೆಲ್ಲ ಹೊರಗೆಳೆದು, ಉದ್ದಕ್ಕೂ ಬೆರಳಾಡಿಸಿ ತೇವ ಹುಡುಕಿದ. ಎಲ್ಲವೂ ಒಣ ಒಣ! ಸೋರಿಲ್ಲವೆಂದರೆ ಎಲ್ಲೋ ಕಟ್ಟಿಕೊಂಡಿರಬೇಕು. ಕಟ್ಟಿದ್ದು ಈ ಗಿಡ್ಡ ಫ್ಯೂಸೇ! ಪೇಟೆಗೆ ಓಡಿ ನೂರು ಆಂಪಿಯರಿನ ಫ್ಯೂಸ್ ತಂದು ಸಿಕ್ಕಿಸಿದ. ಹಾಡು ಹಾಕಿದ. ಸದ್ದು ಮೊದಲಿನಷ್ಟೇ.

"ಕೊಳವೆ ದೊಡ್ಡದಾಯ್ತು, ನೀರು ಯಾಕೆ ಅಷ್ಟೇ?"

"ಬಾಗಿಲು ಅಗಲ ಮಾಡಿದ ಮಾತ್ರಕ್ಕೆ ನೆಂಟರು ಜಾಸ್ತಿ ಬರ್ತಾರೇನ್ರೀ?" ಎಂದಳು ಹೆಂಡತಿ, ದಾರ ಕಚ್ಚುತ್ತ.

"ನೆಂಟರಲ್ಲ ಕಣೇ, ಕರೆಂಟು!"

"ಅಕ್ಕ ಹೇಳಿದ್ದು ಸರಿ ಭಾವ. ಫ್ಯೂಸು ಕೊಡೋದಲ್ಲ, ಕಾಯೋದು. ಅತಿಯಾದ್ರೆ ತಾನು ಸುಟ್ಟುಕೊಂಡು ತಂತಿ ಉಳಿಸುತ್ತೆ. ಹಳೇದನ್ನೇ ಹಾಕಿ."

"ಸುಡೋಕೆ ಅಂತಲೇ ಇಟ್ಟಿರೋದಾ? ಇದ್ಯಾವ ಸೀಮೆ ನ್ಯಾಯ!"

ಅರ್ಥವಾಗದ ಸಂಗತಿಯನ್ನು ಅವನು ಯಾವಾಗಲೂ ಇದ್ದಲ್ಲೇ ಬಿಡುತ್ತಿದ್ದ. ನೂರು ಅಲ್ಲೇ ಉಳಿಯಿತು.

ಸಂಜೆ ಮೈದಾನ ತುಂಬಿತ್ತು. ಹುಡುಗಿಯರು ಒಂದು ಕಾಲೆತ್ತಿ ಕಾದರು. ಹಾಡು ಶುರುವಾಯಿತು. ಯಾರೂ ಡಬ್ಬಿಗೆ ಕೈ ಹಾಕದಿರಲೆಂದು ನೀರುಗಂಟಿ ಡಿಕ್ಕಿಯನ್ನು ಧಡಾರನೆ ಮುಚ್ಚಿದ. ಹೊರಗೆಳೆದಿದ್ದ ತಂತಿ ಕಬ್ಬಿಣದ ಅಂಚಿಗೆ ಸಿಕ್ಕಿ ಸಿಪ್ಪೆ ಹರಿದು, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿತು. ಹಳೇ ಮೂವತ್ತರ ಫ್ಯೂಸಾಗಿದ್ದರೆ ಆ ಕ್ಷಣವೇ ಪ್ರಾಣ ಬಿಟ್ಟು ಕಾಪಾಡುತ್ತಿತ್ತು. ನೂರು ಮಹಾರಾಜನಂತೆ ಕೂತಿತ್ತು, ತಂತಿಯೇ ಉರಿಯಿತು! ಭಾವಮೈದುನ ಓಡಿ ಬ್ಯಾಟರಿ ಕಳಚುವಷ್ಟರಲ್ಲಿ ಹಾಡು ಗೊಟಕ್ಕೆಂದು, ಕಾರು ಹೊಗೆಯುಗುಳಿ ತಣ್ಣಗಾಯಿತು.

ಎಲ್ಲರಿಗಿಂತ ಚಿಕ್ಕವಳ ಕಾಲು ಇನ್ನೂ ಗಾಳಿಯಲ್ಲೇ ಇತ್ತು, ಕೆಳತುಟಿ ನಡುಗುತ್ತಿತ್ತು. ಹೆಂಡತಿ ಗಂಡನನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ಯಾವ ಫ್ಯೂಸೂ ಉಳಿಯುತ್ತಿರಲಿಲ್ಲ. ಆಮೇಲೆ ಮುಂದೆ ಬಂದು, ತಾನೇ ಹಾಡುತ್ತ ಚಪ್ಪಾಳೆ ತಟ್ಟತೊಡಗಿದಳು. ಚಿಕ್ಕವಳ ಕಾಲು ಸರಿಯಾದ ತಾಳಕ್ಕೆ ನೆಲ ಮುಟ್ಟಿತು. ಅಮ್ಮಂದಿರು ಕೈ ಸೇರಿಸಿದರು. ನೋಡನೋಡುತ್ತ ಕಡೇ ಸಾಲಿನವರೆಗೂ ಚಪ್ಪಾಳೆ ಹಬ್ಬಿತು.

ನೀರುಗಂಟಿ ಕಣ್ಣೊರೆಸಿಕೊಂಡ. ಬ್ಯಾಟರಿ ಇಲ್ಲ, ಡಬ್ಬಿ ಇಲ್ಲ, ಇಷ್ಟು ಸದ್ದು ಎಲ್ಲಿಂದ? ಯಾವುದನ್ನು ಯಾವುದರಿಂದ ಗುಣಿಸಬೇಕೋ ತಿಳಿಯಲಿಲ್ಲ. ತನ್ನದೂ ಸೇರಲಿ ಎಂದು ಮುನ್ನುಗ್ಗಿ, ಮೈಯ ಶಕ್ತಿಯನ್ನೆಲ್ಲ ಹಾಕಿ ಚಪ್ಪಾಳೆ ಹೊಡೆದ. ಹುಡುಗಿಯರಿಬ್ಬರು ಢಿಕ್ಕಿ ಹೊಡೆದುಕೊಂಡರು.

ಹೆಂಡತಿ ಕೈ ನಿಲ್ಲಿಸದೆ ಅವನ ಕಡೆ ಬಾಗಿದಳು.

"ರೀ, ನಿಮ್ಮ ದಮ್ಮಯ್ಯ, ಕೈ ಕಟ್ಕೊಂಡು ನಿಂತ್ಕೊಳ್ಳಿ! ಇಡೀ ಮೈದಾನದ್ದು ಒಂದು ತಾಳ, ನಿಮ್ಮೊಬ್ಬರದ್ದು ಇನ್ನೊಂದು!"